ಸತ್ತ ಗುಲ್‌ಮೊಹರ್‌ಗೆ ಎರಡು ಕೊಡ ನೀರು

ಕಳೆದ ಭಾನುವಾರ ಒಂದು ಮರದ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿದೆ. ಜೀವ ಇದ್ದರೆ ತೊಗಟೆಯ ಕೆಳಗೆ ಹಸಿರು ಕಾಣಬೇಕು. ಕಾಣಲಿಲ್ಲ. ಇನ್ನೊಂದು ಕಡೆ ಕೆರೆದೆ. ಅಲ್ಲೂ ಒಣ ಕಂದು.

ಇಡೀ ಸರ್ವೀಸನ್ನು ಆಸ್ಪತ್ರೆಯ ವಾರ್ಡುಗಳಲ್ಲಿ ಕಳೆದ ನರ್ಸ್ ನಾನು. ಜೀವ ಹೋಗಿದೆ ಎಂದು ಹೇಳುವುದು ನನಗೆ ಹೊಸದಲ್ಲ. ಅಂದು ಮಾತ್ರ ಬಾಯಿ ಬರಲಿಲ್ಲ. ಆ ಮರದ ಕೆಳಗೇ ಮಂಚ ಹಾಕಿಕೊಂಡು ಗುರುಸ್ವಾಮಿ ಮಲಗಿದ್ದ.

ಗುರುಸ್ವಾಮಿ ನನ್ನ ಚಿಕ್ಕಮ್ಮನ ಮಗಳು ರತ್ನಳ ಗಂಡ. ಗುಂಡ್ಲುಪೇಟೆ ತಾಲ್ಲೂಕಿನ ಒಂದು ಊರು. (ಊರಿನ ಹೆಸರು ಬೇಡ. ಮನುಷ್ಯರ ಹೆಸರುಗಳನ್ನೂ ಬದಲಿಸಿದ್ದೇನೆ. ಯಾಕೆಂದು ಓದಿದರೆ ತಿಳಿಯುತ್ತದೆ.) ತಿಂಗಳ ಮೊದಲ ಭಾನುವಾರ ಚಾಮರಾಜನಗರದಿಂದ ಬೆಳಗಿನ ಬಸ್ಸು ಹಿಡಿದು ಅಲ್ಲಿಗೆ ಹೋಗಿ, ಅವನ ಬಿಪಿ ನೋಡಿ, ಮಾತ್ರೆಗಳನ್ನು ಜೋಡಿಸಿಟ್ಟು, ಸಂಜೆಯೊಳಗೆ ವಾಪಸ್. ಇದು ನನ್ನ ಕ್ರಮ.

ಅವನಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಹೋದವು. ಮಾತು ತುಂಡು ತುಂಡು. ಮನೆಗೆ ಶೀಟಿನ ಮಾಡು. ಬೇಸಿಗೆಯಲ್ಲಿ ಒಳಗೆ ಕಾದ ಹೆಂಚಿನಂಥ ಬಿಸಿ. ರತ್ನ ಚೆಂಡುಹೂವಿನ ಹೊಲಕ್ಕೆ ಕೂಲಿಗೆ ಹೋಗುವ ಮೊದಲು ಅವನನ್ನು ಎತ್ತಿ ತಂದು ಅಂಗಳದ ಮಂಚಕ್ಕೆ ಹಾಕುತ್ತಾಳೆ. ಅವನ ಇಡೀ ಹಗಲು ಆ ಗುಲ್‌ಮೊಹರ್ ಕೆಳಗೆ. ಹೋಗಿ ಬರುವವರು ಮಾತಾಡಿಸುತ್ತಾರೆ. ಮುಖಕ್ಕೆ ಗಾಳಿ. ಇನ್ನೇನಿದೆ ಅವನಿಗೆ?

ಮರವನ್ನು ನೆಟ್ಟವನೂ ಅವನೇ. ಕೈಕಾಲು ಗಟ್ಟಿಯಿದ್ದಾಗ ಕತ್ತಿಯಂಥ ಒಂದು ಕಾಯಿ ತಂದು, ಬೀಜವನ್ನು ಬಿಸಿನೀರಲ್ಲಿ ನೆನೆಸಿ ಹಾಕಿದ್ದ. ಗುಲ್‌ಮೊಹರ್‌ಗೆ ಹೆಚ್ಚು ಉಪಚಾರ ಬೇಡ. ಬಿಸಿಲು ಕೊಡಿ, ಮೊದಲೆರಡು ಬೇಸಿಗೆ ನೀರು ಕೊಡಿ, ಕೊಡೆ ಹಿಡಿದಂತೆ ಅಗಲವಾಗುತ್ತದೆ. ಒಂದೇ ಎಚ್ಚರಿಕೆ: ಗೋಡೆಗೆ ಹತ್ತಿರ ಇಡಬೇಡಿ. ಬೇರು ಮೇಲೆ ಮೇಲೆಯೇ ಹರಿದು ಪಾಯವನ್ನು ಎತ್ತುತ್ತದೆ.

ಗುರುಸ್ವಾಮಿ ಗಡಿಗೆ ಹತ್ತಿರವೇ ಇಟ್ಟಿದ್ದ. ಆಗ ಪಕ್ಕದ್ದು ಖಾಲಿ ಜಾಗ. ಆಮೇಲೆ ಅಲ್ಲಿ ಅವನ ಚಿಕ್ಕಪ್ಪನ ಮಗ ಮಾದೇಶ ಆರ್‌ಸಿಸಿ ಮನೆ ಕಟ್ಟಿಸಿದ. ಎಲೆ, ಹೂ, ಕಾಯಿ ಎಲ್ಲ ಅವನ ಟೆರೇಸಿಗೆ. ಮಳೆನೀರಿನ ಪೈಪ್ ಕಟ್ಟಿಕೊಂಡು ಗೋಡೆಗೆ ನೀರು ಇಳಿಯಿತು. ಕಾಂಪೌಂಡು ಬಿರುಕು ಬಿಟ್ಟಿತು. ಕಡಿಸಿ ಎಂದ. ರತ್ನ ಒಪ್ಪಲಿಲ್ಲ. ಅವನ ದೂರು ಸುಳ್ಳಲ್ಲ, ನ್ಯಾಯವಾಗಿ ಹೇಳಬೇಕು.

ಈ ಮರಕ್ಕೆ ಇನ್ನೊಂದು ಗುಣವಿದೆ. ಬೇಸಿಗೆಯ ಆರಂಭದಲ್ಲಿ ಎಲೆ ಉದುರಿಸಿ ಬೋಳಾಗುತ್ತದೆ. ಆಗ ಸತ್ತ ಮರ ಯಾವುದು, ಮಲಗಿದ ಮರ ಯಾವುದು, ಹೇಳಲಾಗದು. ರತ್ನ ಆ ದಿನಗಳಲ್ಲಿ ಕೊಂಬೆಗೆ ಹಳೇ ಸೀರೆ ಕಟ್ಟಿ ನೆರಳು ಮಾಡುತ್ತಾಳೆ. ಚಿಗುರು ಬಂದ ಮೇಲೆ ಬಿಚ್ಚುತ್ತಾಳೆ. ಈ ಸಲ ಮೇ ಬಂದರೂ ಸೀರೆ ಹಾಗೇ ಇತ್ತು. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಲ್ಲಿ ಕೆಂಪು ಮರಗಳನ್ನೇ ನೋಡಿಕೊಂಡು ಬಂದಿದ್ದೆ. ಅದಕ್ಕೇ ತೊಗಟೆ ಕೆರೆದದ್ದು.

ಕಾಂಡದ ಹಿಂಬದಿಗೆ ಹೋದೆ. ಬುಡದಲ್ಲಿ ಬೈರಿಗೆಯಿಂದ ಕೊರೆದ ತೂತು. ಬಾಯಿಗೆ ಮಣ್ಣು ಮೆತ್ತಿತ್ತು. ಕಡ್ಡಿಯಿಂದ ಕೆದಕಿದೆ. ಇಂಗು. (ಇಂಗಿಗೆ ಮರ ಸಾಯುತ್ತದೋ, ಜೊತೆಗೆ ಸುರಿಯುವ ಕಳೆನಾಶಕಕ್ಕೋ, ನನಗೆ ಗೊತ್ತಿಲ್ಲ. ಮರ ಸಾಯಿಸುವ ಈ ಉಪಾಯವಂತೂ ಎಲ್ಲ ಊರಲ್ಲೂ ಗೊತ್ತು.)

ಆ ಹೊತ್ತಿಗೆ ರತ್ನ ಎರಡು ಕೊಡ ನೀರು ತಂದು ಬುಡಕ್ಕೆ ಸುರಿದಳು. ಅವಳನ್ನು ಹಿತ್ತಿಲಿಗೆ ಎಳೆದುಕೊಂಡು ಹೋದೆ.

“ಮರ ಸತ್ತಿದೆ ಕಣೆ. ಯಾರೋ ಸಾಯಿಸಿದ್ದಾರೆ.”

“ಗೊತ್ತು ಕಣಕ್ಕ. ನಂಗೇನು ಕಣ್ಣಿಲ್ವಾ?”

“ಮತ್ತೆ ನೀರು ಯಾಕೆ?”

“ನೀರ್ ಆಕೋದ್ ನಿಲ್ಲಿಸ್ಬುಟ್ರೆ, ನಂಗೆ ಗೊತ್ತಾಗ್ಬುಟ್ಟದ ಅಂತ ಮಾದೇಶಂಗೂ ತಿಳೀತದ. ಆಮೇಲೆ ಜಗಳ ಆಡ್ಬೇಕು. ಆಡ್ಬುಟ್ಟು? ಇವ್ರಿಗೆ ರಾತ್ರಿ ಸರೊತ್ನಲ್ಲಿ ಎದೆನೋವು ಬಂದ್ರೆ ಯಾರ್ ಕಾರ್ ಕೂಗ್ಲಿ? ಓದ್ಸಲ ಆಸ್ಪತ್ರೆಗೆ ಓಡಿಸ್ಕ ಓದೋನು ಅವ್ನೇ ಕಣಕ್ಕ.”

(ಆಂಬುಲೆನ್ಸ್ ಇಲ್ಲವೇ ಎನ್ನಬೇಡಿ. ಬರುತ್ತದೆ. ಅದು ಬರುವವರೆಗೆ ಜೀವ ಕಾಯಬೇಕಲ್ಲ?)

“ಇವ್ರಿಗೆ ಮಾತ್ರ ಯೋಳ್ಬ್ಯಾಡ. ಮೊಗ್ಗು ಬಂತಾ, ಮೊಗ್ಗು ಬಂತಾ ಅಂತ ದಿನಾ ಕೇಳ್ತಾರೆ. ಬತ್ತದ ಸುಮ್ಕಿರಿ ಅಂತೀನಿ.”

ಅವಳು ಒಲೆ ಮುಂದೆ ಹೋದಳು. ನಾನು ಗುರುಸ್ವಾಮಿಯ ತೋಳಿಗೆ ಬಿಪಿ ಪಟ್ಟಿ ಕಟ್ಟಿದೆ. ಒಣಕೊಂಬೆ ಯಾವಾಗ ಬೇಕಾದರೂ ಅವನ ಮೇಲೆ ಮುರಿದು ಬೀಳಬಹುದು. ಏನೆಂದು ಹೇಳಿ ಮಂಚ ಸರಿಸುವುದು? ಯೋಚಿಸುತ್ತಿರುವಾಗ ಅವನೇ ಎಡಗೈಯಿಂದ ನನ್ನ ಸೆರಗು ಹಿಡಿದ.

“ಮರ... ಓಯ್ತು ಅಕ್ಕ.”

ನಾನು ಬಿಪಿ ಪಟ್ಟಿಗೆ ಗಾಳಿ ತುಂಬಿದೆ.

“ಮಾದೇಶ... ಬೈರಿಗೆ ತಕ್ಕ ಬಂದ. ಗೆದ್ಲು ಔಸ್ತಿ ಆಕ್ತೀನಣ್ಣ... ಅಂದ. ಇಂಗ್... ವಾಸ್ನೆ.”

ಹಗಲಿಡೀ ಅಲ್ಲೇ ಮಲಗಿರುವವನ ಕಣ್ಣು ತಪ್ಪಿಸಿ ಯಾರಿಗೆ ತಾನೇ ಮರ ಕೊರೆಯಲು ಸಾಧ್ಯ? ಈ ಪ್ರಶ್ನೆ ನನಗೇ ಹೊಳೆದಿರಲಿಲ್ಲ. ಮಾದೇಶ ಕಣ್ಣು ತಪ್ಪಿಸುವ ಗೋಜಿಗೂ ಹೋಗಿರಲಿಲ್ಲ. ಮಾತು ಹೋದವನ ಮುಂದೆ ಸಂಕೋಚ ಯಾಕೆ?

“ಮತ್ತೆ ದಿನಾ ಮೊಗ್ಗು ಬಂತಾ ಅಂತ ಕೇಳ್ತೀಯಂತೆ?”

“ಕೇಳ್ದೆ ಇದ್ರೆ... ಅವ್ಳ್ಗೆ ಗೊತ್ತಾಯ್ತದ. ಜಗಳಕ್ಕೆ... ಓಯ್ತಾಳೆ. ಯೋಳ್ಬ್ಯಾಡಿ ಅಕ್ಕ.”

ಬಿಪಿ ಹೆಚ್ಚಾಗಿತ್ತು. ಯಾಕೆ ಎಂದು ಕೇಳಲಿಲ್ಲ.

ಮಧ್ಯಾಹ್ನ ಮಾದೇಶನೇ ಬಂದ. ನಗುಮುಖ. “ಯಾವಾಗ್ ಬಂದ್ರಿ ಅಕ್ಕಾರೆ? ಮರ ಒಣಗ್ಬುಡ್ತು ನೋಡಿ, ಗೆದ್ಲು. ಅಣ್ಣನ ಮ್ಯಾಲ್ ಬಿದ್ರೆ ಏನ್ ಗತಿ? ಅತ್ಗೆ, ನಾಳೆ ನಾನೇ ಆಳ್ ಕರ್ಸಿ ಕಡ್ಸ್ಬುಡ್ತೀನಿ. ಸೌದೆ ನೀವೇ ಮಡೀಕಳಿ.”

ರತ್ನ “ಹೂಂ ಕಣಪ್ಪ, ಪಾಪ, ನೀನಲ್ದೆ ಇನ್ಯಾರು ಮಾಡಾರು” ಎಂದಳು. ಧ್ವನಿ ನಡುಗಲಿಲ್ಲ. ಗುರುಸ್ವಾಮಿ ಕಣ್ಣು ಮುಚ್ಚಿಕೊಂಡ. ನಾನು ಅವರ ಮನೆಯಲ್ಲಿ ನೆಂಟಳು. ಮಾತ್ರೆಗಳನ್ನು ಡಬ್ಬಿಗೆ ಜೋಡಿಸಿದೆ.

ಮರ ಕಡಿದರು. ಈಗ ಬೆಳಗಿನ ಹೊತ್ತು ಗುರುಸ್ವಾಮಿ ಶೀಟಿನ ಕೆಳಗೆ ಬೇಯುತ್ತಾನೆ. ಮಧ್ಯಾಹ್ನ ಇಳಿದ ಮೇಲೆ ಮಾದೇಶನ ಗೋಡೆಯ ನೆರಳು ಅಂಗಳಕ್ಕೆ ಬೀಳುತ್ತದೆ. ಅಲ್ಲಿಗೆ ಮಂಚ ಹಾಕುತ್ತಾರೆ. ಹೊಸ ಸಸಿ ಇಡೋಣ ಎಂದು ರತ್ನಳಿಗೆ ಫೋನಿನಲ್ಲಿ ಹೇಳಿದೆ. “ನೆರಳು ಬರೋಗಂಟ ಇವ್ರಿರ್ಬೇಕಲ್ಲ ಅಕ್ಕ” ಎಂದಳು.

ನೆರೆಯವನೊಡನೆ ಜಗಳ ಆಡಲು ಮೊದಲು ಸ್ವಂತ ಕಾರು ಇರಬೇಕು. ಇಲ್ಲದವರು ದ್ವೇಷವನ್ನೂ ಮಾಡುವಂತಿಲ್ಲ. ಗಂಡ ಹೆಂಡತಿ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ನೀರು ಹಾಕುತ್ತಿರಬೇಕು.

ಆ ಭಾನುವಾರ ಹೊರಟಾಗ ಮಾದೇಶ ಕಾರು ತೆಗೆದು, “ಬನ್ನಿ ಅಕ್ಕಾರೆ, ಗುಂಡ್ಲುಪೇಟೆಗಂಟ ಬುಡ್ತೀನಿ” ಎಂದ. ಹತ್ತಿದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಥ್ಯಾಂಕ್ಸ್ ಎಂದೂ ಹೇಳಿದೆ.

ನಾಳೆ ಗುರುಸ್ವಾಮಿಯನ್ನು ಹತ್ತಿಸಿಕೊಳ್ಳಬೇಕಾದವನ ಕಾರಿನ ಬಾಗಿಲನ್ನು, ನೀವಾಗಿದ್ದರೆ, ದಢಾರನೆ ಹಾಕುತ್ತಿದ್ದಿರಾ?