ಬಣ್ಣ ಹಿಡಿಯದ ನೌಕೆ

ಅಣ್ಣ ಅರ್ಧಕ್ಕೆ ಬಿಟ್ಟುಹೋದ ಕೆಲಸ ಒಂದೇ ಒಂದು. ಬಣ್ಣ ಕಾಣದ ಲೋಹದ ಪುಟ್ಟ ಆಕಾಶನೌಕೆ. ನನ್ನ ನಡುಬೆರಳಿನಷ್ಟು ಉದ್ದ, ಆದರೆ ಅಂಗೈಯಲ್ಲಿಟ್ಟರೆ ಭಾರ. ಹೈದರಾಬಾದಿನ ಫುಟ್‌ಪಾತಿನಲ್ಲಿ ಹಳೇ ಸಾಮಾನಿನ ರಾಶಿಯಿಂದ ಹೆಕ್ಕಿ, ಯಾದಗಿರಿ ಸ್ಟೇಷನ್ ಬರುವ ತನಕ ರೈಲಿನಲ್ಲಿ ಮುಷ್ಟಿಯೊಳಗೇ ಹಿಡಿದು ತಂದಿದ್ದ. ಬೇರೆ ಲೋಕಕ್ಕೆ ಹಾರುವ ಕತೆಗಳ ಹುಚ್ಚು ಅವನಿಗೆ. ಚೂಪು ಮೂತಿ, ಹಿಂದೆ ಎರಡು ಕೊಳವೆ, ಪಕ್ಕದಲ್ಲಿ ಸಾಸಿವೆ ಕಾಳಿನಂಥ ಕಿಟಕಿಗಳ ಸಾಲು. ಮೊದಲು ಪ್ರೈಮರ್, ಆಮೇಲೆ ಬೆಳ್ಳಿ ಬಣ್ಣ, ಕೊನೆಗೆ ಕಿಟಕಿಗಳಿಗೆ ಹಳದಿ ಎಂದು ನನ್ನ ತಲೆ ತಿನ್ನುತ್ತಿದ್ದ. ಪ್ರೈಮರ್ ಡಬ್ಬಿ ತೆರೆಯುವ ಮೊದಲೇ ಜ್ವರ ಬಂತು. ಶಹಾಪುರದ ನಮ್ಮ ಮನೆಯ ಹಿಂದಿನ ಕಾಲುವೆಗೆ ಆಗಷ್ಟೇ ನೀರು ಬಿಟ್ಟಿದ್ದರು, ನೀರಿನ ಬೆನ್ನಿಗೇ ಸೊಳ್ಳೆ ಬಂದಿದ್ದವು. ಆರೇ ದಿನ.

ಅಪ್ಪ ಕಾಲುವೆಯ ಗೇಟುಗಳಿಗೆ ಬಣ್ಣ ಹಚ್ಚುತ್ತಿದ್ದ. ಅಣ್ಣ ಕೂಡ ಅದೇ ಕೆಲಸಕ್ಕೆ ಅವನ ಜತೆ ಹೋಗುತ್ತಿದ್ದ. ಕಬ್ಬಿಣವನ್ನು ತಂತಿಯ ಬ್ರಷ್ಷಿನಿಂದ ತಿಕ್ಕಿ, ಸೀಮೆಎಣ್ಣೆಯಲ್ಲಿ ಒರೆಸಿ, ಬೆರಳು ಒದ್ದೆ ಮಾಡಿ ವಿಭೂತಿಯ ಮೂರು ಗೆರೆ ಎಳೆದು ಕೈ ಮುಗಿದ ಮೇಲೆಯೇ ಅವರು ಕೆಂಪು ಪ್ರೈಮರ್ ಮುಟ್ಟುತ್ತಿದ್ದದ್ದು. ನೀರು ತಡೆಯುವ ಬಾಗಿಲು, ಬರಿ ಮೈಯಲ್ಲಿ ನಿಲ್ಲಿಸಬಾರದು ಎನ್ನುತ್ತಿದ್ದ ಅಪ್ಪ. ನಮ್ಮ ಮನೆಯಲ್ಲಿ ಹೊಸ ಕೊಡಕ್ಕೂ ವಿಭೂತಿ, ಹೊಸ ಸೈಕಲ್ಲಿಗೂ ವಿಭೂತಿ. ರೂಢಿಯಾಗಿ ಅದು ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ಅಣ್ಣ ಹೋದ ಮೇಲೆ ಅವ್ವ ಮಾತು ಬಿಟ್ಟಳು. ಹೂಂ, ಊಹೂಂ, ಮುಗಿಯಿತು. ನಾಲ್ಕು ತಿಂಗಳು ಹೀಗೇ ಕಳೆದಾಗ ಒಂದು ಭಾನುವಾರ ಅಪ್ಪ ಆ ನೌಕೆಯನ್ನು ತೊಳೆದು, ಒರೆಸಿ, ವಿಭೂತಿ ಹಚ್ಚಿ ನನ್ನ ಕೈಗೆ ಕೊಟ್ಟ. ಅವನಿಗೆ ದೊಡ್ಡ ಬ್ರಷ್ಷಿನ ಕೈ, ಇಂಥ ಸಣ್ಣ ಕೆಲಸ ಆಗದು. ಗೇಟಿನ ಪ್ರೈಮರನ್ನು ತೆಳ್ಳಗೆ ಮಾಡಿ, ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಉಸಿರು ಬಿಗಿಹಿಡಿದು ಹಚ್ಚಿದೆ. ಮೂರು ದಿನ ಒಣಗಿಸಿ ಬೆಳ್ಳಿ ಹಚ್ಚಿದೆ. ಕಿಟಕಿಗಳಿಗೆ ಹಳದಿ ಇಟ್ಟೆ. ಚಂದ ಕಂಡಿತು, ಸುಳ್ಳು ಯಾಕೆ ಹೇಳಲಿ.

ಹದಿನೈದು ದಿನಕ್ಕೆ ಕಿಟಕಿಗಳ ಮೇಲಿನ ಬಣ್ಣ ಸುರುಳಿ ಸುತ್ತಿಕೊಂಡು ಎದ್ದಿತು. ಕೆಳಗೆ ಬರಿ ಲೋಹ. ಅವ್ವ ಆ ಸಿಪ್ಪೆಯನ್ನು ಬೆರಳ ತುದಿಗೆ ಅಂಟಿಸಿಕೊಂಡು ಬಹಳ ಹೊತ್ತು ನೋಡಿದಳು.

"ಅವಗ ಈ ಬಣ್ಣ ಸೇರವಲ್ದು," ಅಂದಳು. "ಬ್ಯಾರೆ ಹಚ್ಚು."

ಅಣ್ಣ ಹೋದ ಮೇಲೆ ಅದು ಅವಳ ಮೊದಲ ಪೂರ್ತಿ ಮಾತು. ಅಪ್ಪ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡ. ಬಣ್ಣವೆಲ್ಲ ಕೆರೆದು, ತೊಳೆದು, ವಿಭೂತಿ ಇಟ್ಟು ಮತ್ತೆ ಕೊಟ್ಟ. ಈ ಸಲ ನೀಲಿ ಹಚ್ಚಿದೆ. ಅದೂ ಎದ್ದಿತು, ಅದೇ ಜಾಗದಲ್ಲಿ. ಆಮೇಲೆ ಹಸಿರು, ಅದೂ ಅಷ್ಟೇ. ಪ್ರತಿ ಸಲ ಅವ್ವನ ಮಾತು ಹೆಚ್ಚಾಯಿತು. ಮೊದಲಿನಿಂದಲೂ ಅವನು ಹಟಮಾರಿ, ಅಂಗಿ ಬಣ್ಣಕ್ಕೂ ಅತ್ತು ಕರೆದು ಮಾಡುತ್ತಿದ್ದ ಎಂದು ನಗುತ್ತಾ ಹೇಳುವಳು. ನೌಕೆಯನ್ನು ಮಡಿಲಲ್ಲಿಟ್ಟುಕೊಂಡು ಅವನಿಗೆ ಕೇಳುವಂತೆ ಅಡುಗೆ ಏನೆಂದು ಹೇಳುವಳು. ಕೊಡೇಕಲ್ಲಿನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡೂ ಬಂದಳು.

ನನಗೆ ಹೆದರಿಕೆ ಹತ್ತಿತು. ಸುರಪುರದ ಸಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು ನಾನು, ಹೇಳಿಕೊಂಡರೆ ನಗೆಗೇಡು. ಆದರೆ ರಜೆಯ ದಿನ ಮಟಮಟ ಮಧ್ಯಾಹ್ನ, ಮನೆಯಲ್ಲಿ ಒಬ್ಬಳೇ ಇದ್ದಾಗ, ಒಣಗಿದ ಬಣ್ಣದ ಚೂರು ನೌಕೆಯ ಕೆಳಗಿನ ತಟ್ಟೆಗೆ ಬೀಳುವ ಚಿಟಕ್ ಸದ್ದು ಕೇಳಿದರೆ ಎದ್ದು ಹೊರಗೆ ಬಂದುಬಿಡುತ್ತಿದ್ದೆ. ಅದಿದ್ದ ಕೋಣೆಗೆ ಬೆನ್ನು ಕೊಟ್ಟು ಕೂರುವ ಧೈರ್ಯ ನನಗಿರಲಿಲ್ಲ. ಅಣ್ಣನ ಮೇಲೆ ಪ್ರಾಣವಿಟ್ಟುಕೊಂಡಿದ್ದವಳು ಅಣ್ಣನಿಗೇ ಹೆದರಿ ಬದುಕುತ್ತಿದ್ದೆ, ಅದಕ್ಕೇ ನನ್ನ ಮೇಲೆ ನನಗೇ ಸಿಟ್ಟು.

ಒಂದು ಸಂಜೆ ಸುರಪುರದಿಂದ ಬರುವಾಗ ಕಾಲುವೆಯ ಸೇತುವೆ ಹತ್ತಿರ ಬಸ್ಸು ಪಂಕ್ಚರ್ ಆಯಿತು. ಕೆಳಗಿಳಿದು ನಿಂತೆ. ಎದುರಿಗೆ ಅಪ್ಪ ಬಣ್ಣ ಹಚ್ಚಿದ ಗೇಟು. ಎದೆಯ ಎತ್ತರಕ್ಕೆ ಬೆರಳಗಲದ ಮೂರು ಗೆರೆಯಲ್ಲಿ ಬಣ್ಣ ಹೋಗಿ ತುಕ್ಕು ಕಾಣುತ್ತಿತ್ತು. ದನ ಮೈ ತಿಕ್ಕುತ್ತವೆ ಎಂದು ಅಪ್ಪ ಬೈಯುತ್ತಿದ್ದ ಜಾಗ ಅದು. ದನ ಮೂರು ಗೆರೆ ಎಳೆದು ತಿಕ್ಕುತ್ತದೆಯೇ? ಅಪ್ಪನ ವಿಭೂತಿಯ ಗೆರೆ ಅದು, ಬೂದಿಯ ಮೇಲೆ ಯಾವ ಬಣ್ಣ ತಾನೆ ನಿಂತೀತು! ಆಳೆತ್ತರದ ಗೇಟಿನಲ್ಲಿ ಅದು ಒಂದು ಕಲೆ ಅಷ್ಟೇ, ಬೆರಳುದ್ದದ ನೌಕೆಯಲ್ಲಿ ಕಿಟಕಿಗಳ ಸಾಲೂ ಸೇರಿ ಅರ್ಧ ಮೈ. ಇಷ್ಟು ದಿನ ಅಪ್ಪನ ಕೈಯನ್ನು ನೋಡುತ್ತಲೇ ಕೂತಿದ್ದ ನಾನು ಎಂಥ ದಡ್ಡಿ ಎಂದು ಅಲ್ಲೇ ಹಣೆ ಚಚ್ಚಿಕೊಂಡೆ.

ಅಪ್ಪನಿಗೆ ಹೇಳಲಿಲ್ಲ. ನೌಕೆಯನ್ನು ಸಾಲೆಗೆ ಒಯ್ದೆ. ಪ್ರಯೋಗದ ಕೋಣೆಯಲ್ಲಿ ಕೆರೆದು, ಸೋಡಾದ ನೀರಲ್ಲಿ ಕುದಿಸಿ, ಸೀಮೆಎಣ್ಣೆಯಲ್ಲಿ ಒರೆಸಿ, ಬೂದಿಯ ನೆರಳೂ ತಾಗದಂತೆ ಪ್ರೈಮರ್ ಹಚ್ಚಿದೆ. ಮೇಲೆ ಬೆಳ್ಳಿ, ಕಿಟಕಿಗೆ ಹಳದಿ. ಮನೆಗೆ ತಂದು ಅವ್ವನ ಮುಂದಿಟ್ಟೆ. ಮನಸ್ಸಿನಲ್ಲಿ ಬರೀ ಜಿದ್ದು, ಇನ್ನು ಹೇಗೆ ಎದ್ದೇಳುತ್ತದೋ ನೋಡುತ್ತೇನೆ ಎಂದು.

ಹದಿನೈದು ದಿನವಾಯಿತು. ತಿಂಗಳಾಯಿತು. ಅವ್ವ ದಿನಾ ಬೆಳಿಗ್ಗೆ ಕಿಟಕಿಗಳ ಮೇಲೆ ಉಗುರು ಆಡಿಸಿ ನೋಡುವಳು. ಮೊದಮೊದಲು ಅವನಿಗೆ ತಿಳಿ ಹೇಳುವಂತೆ ಗೊಣಗುತ್ತಿದ್ದಳು, ಬರಬರುತ್ತಾ ಅದೂ ನಿಂತಿತು. ನನ್ನ ಹೆದರಿಕೆ ಹೋಗಿತ್ತು, ನಾನು ಹಾಯಾಗಿ ನಿದ್ದೆ ಮಾಡುತ್ತಿದ್ದೆ. ನನ್ನ ನಿದ್ದೆಗಿಷ್ಟು ಬೆಂಕಿ ಬೀಳಲಿ. ಎರಡು ತಿಂಗಳು ತುಂಬಿದ ಮೇಲೆ ಒಂದು ಮುಂಜಾನೆ ಅವ್ವ ನೌಕೆಯನ್ನು ಗೋಡೆಯ ಗೂಡಿನಲ್ಲಿಟ್ಟು ಬಂದು ನನ್ನ ಎದುರಿಗೆ ಕೂತಳು.

"ಹೋದ ನೋಡವ್ವ," ಅಂದಳು. "ಇಷ್ಟು ದಿನ ಇಲ್ಲೇ ಇದ್ದ. ಈಗ ಖರೇ ಹೋಗ್ಯಾನ."

ವಿಭೂತಿಯ ಮಾತು ನಾಲಿಗೆ ತುದಿಗೆ ಬಂದಿತ್ತು. ಹೇಳಿದರೆ ಅವನು ಇಷ್ಟು ದಿನವೂ ಇರಲೇ ಇಲ್ಲ ಎಂದು ಹೇಳಿದಂತೆ. ನುಂಗಿಕೊಂಡೆ. ಅವತ್ತೇ ಅವಳು ಒಳಗಿನ ಟ್ರಂಕು ತೆಗೆದಳು. ಅಣ್ಣನ ಅಂಗಿ, ಪ್ಯಾಂಟು, ಟವೆಲು, ಎಲ್ಲ ಒಗೆದು ಮಡಚಿದ್ದವು. ನಮಗ್ಯಾರಿಗೂ ತಿಳಿಯದಂತೆ ತಿಂಗಳಿಗೊಮ್ಮೆ ಒಗೆದು ಇಡುತ್ತಿದ್ದಳಂತೆ. ಸೀರೆಯೊಂದರಲ್ಲಿ ಗಂಟು ಕಟ್ಟಿ ನನ್ನ ಮುಂದೆ ತಳ್ಳಿದಳು.

"ಯಾರಿಗರ ಕೊಟ್ಟುಬಿಡು. ಹೋದವರ ಅರಿವಿ ಮನ್ಯಾಗ ಇಟ್ಕೋಬಾರದು."

ಗಂಟು ಬಗಲಲ್ಲಿಟ್ಟುಕೊಂಡು ಎದ್ದೆ. ಒಂದು ಅಂಗಿಯನ್ನಾದರೂ ವಾಪಸ್ ಕೇಳಿಯಾಳೆಂದು ಹೊಸ್ತಿಲಲ್ಲಿ ನಿಂತೆ. ಕೇಳಲಿಲ್ಲ.