ಧರ್ಮಾಸ್ಪತ್ರೆಯ ಗೋಡೆ

ದೇವಕಿಯಮ್ಮ, ನಿಮ್ಮ ಗಂಡ ಕಟ್ಟಿದ ಗೋಡೆಯ ಗಾರೆಯಲ್ಲಿ ಯಾವ ದೋಷವೂ ಇರಲಿಲ್ಲ. ನಾನು ಸುಳ್ಳು ಹೇಳಿದೆ. ಊರೆಲ್ಲ ಕೂಡಿದ್ದ ಸಭೆಯಲ್ಲಿ, ಗೊತ್ತಿದ್ದೂ ಹೇಳಿದೆ.

ಆಗ ನಾನು ಸರಕಾರಿ ಓವರ್‌ಸಿಯರ್ ಕೆಲಸ ಬಿಟ್ಟು ಪುತ್ತೂರಿನಲ್ಲಿದ್ದೆ. ಹತ್ತಿರದ ಊರೊಂದರಲ್ಲಿ ಧರ್ಮಾಸ್ಪತ್ರೆ ಕಟ್ಟಿಸಲು ಹೊರಟವರು ಮಂಡೆಕೋಲಿನ ನಿಮ್ಮ ಬಾಳಪ್ಪನಿಗೆ ಕಂತ್ರಾಟು ಕೊಟ್ಟು, ಉಸ್ತುವಾರಿಗೆ ನನ್ನನ್ನು ಕರೆದರು. ನಾನು ಊರಿನವರ ಕಡೆಯವನೂ ಅಲ್ಲ, ಬಾಳಪ್ಪನ ಕಡೆಯವನೂ ಅಲ್ಲ. ಕರಾರಿನಂತೆ ಕೆಲಸ ನಡೆಸುವುದು, ತಕರಾರು ಬಂದರೆ ತೀರ್ಮಾನ ಹೇಳುವುದು — ಅದಕ್ಕೆ ಇಬ್ಬರೂ ತಲೆಬಾಗಬೇಕು. "ನಡುವೆ ನೀವಿದ್ದೀರಲ್ಲ, ಮತ್ತೆ ನನಗೆಂತ ಹೆದರಿಕೆ" ಎಂದೇ ಬಾಳಪ್ಪ ಕರಾರಿಗೆ ಸಹಿ ಹಾಕಿದ್ದ.

ಪಾಯ ತೋಡುವ ಹೊತ್ತಿಗೆ ಸಮಿತಿಯ ಅಧ್ಯಕ್ಷರು ಕಟ್ಟಡವನ್ನು ಕೆಳಕ್ಕೆ ಸರಿಸಲು ಹೇಳಿದರು. ಗಟ್ಟಿ ಮುರಕಲ್ಲಿನ ನೆಲ ಬಿಟ್ಟು, ಹಳೆಯ ಕಲ್ಲುಕೋರೆಯನ್ನು ಮಣ್ಣು ಹಾಕಿ ಮುಚ್ಚಿದ ಜಾಗಕ್ಕೆ. ಮೇಲೆ ಕಟ್ಟಿದರೆ ಅವರ ಮನೆಯ ಗಾಡಿದಾರಿಗೆ ಅಡ್ಡವಾಗುತ್ತಿತ್ತು — ಅಷ್ಟೇ ಕಾರಣ.

ಬಾಳಪ್ಪ ಹಾರೆ ಊರಿ ನೋಡಿದ. ಅದು ಸಲೀಸಾಗಿ ಇಳಿಯಿತು.

"ಇದು ತುಂಬಿಸಿದ ಮಣ್ಣು ಮಾರಾಯ್ರೆ. ಮಳೆಗೆ ಕುಸಿದು ಹೋಗ್ತದೆ. ನೀವೆಂತ ಹೇಳುದು?"

ಬೇಡ ಎನ್ನಬೇಕಿತ್ತು. ಅದನ್ನು ಹೇಳಲೆಂದೇ ನಾನಿದ್ದದ್ದು. ಆದರೆ ಹಿಂದಿನ ಸಂಜೆಯೇ ಅಧ್ಯಕ್ಷರ ಜಗಲಿಯಲ್ಲಿ ಕಾಫಿ ಕುಡಿಯುತ್ತ ಆಗಲಿ ಎಂದು ತಲೆಯಾಡಿಸಿ ಬಂದಿದ್ದೆ.

"ಕಟ್ಟು ಬಾಳಪ್ಪ, ನಾನಿದ್ದೇನಲ್ಲ" ಎಂದೆ.

ನಂಬಿದ. ಕಟ್ಟಿದ.

ಆಟಿ ತಿಂಗಳ ಮಳೆಗೆ ತೆಂಕಣ ಗೋಡೆ ಮಲಗಿತು. ಒಳಗೆ ಯಾರೂ ಇರಲಿಲ್ಲ, ಪುಣ್ಯ. ಸಭೆ ಸೇರಿದಾಗ ಬಾಳಪ್ಪ ನನ್ನತ್ತ ಕೈ ತೋರಿಸಿದ. "ಜಾಗ ಆಗುದಿಲ್ಲ ಅಂತ ನಾನು ಹೇಳಿದ್ದೆ. ಕಟ್ಟು ಅಂತ ಹೇಳಿದ್ದು ಇವರೇ. ಬೇಕಾದ್ರೆ ಕೇಳಿ."

ಎಲ್ಲರೂ ನನ್ನನ್ನು ನೋಡಿದರು. ಯಾರೂ ನನಗೆ ಲಂಚ ಕೊಟ್ಟಿರಲಿಲ್ಲ, ಯಾರೂ ಬೆದರಿಸಿರಲಿಲ್ಲ. ನಿಜ ಹೇಳಿದರೆ ತಪ್ಪು ನನ್ನದೆಂದಾಗುತ್ತದೆ, ಇನ್ನು ಮುಂದೆ ಯಾವ ಊರೂ ನನ್ನನ್ನು ಕರೆಯುವುದಿಲ್ಲ — ಇಷ್ಟೇ ಹೊಳೆದದ್ದು.

"ಗಾರೆಗೆ ಸುಣ್ಣ ಕಡಿಮೆ ಬಿದ್ದಿದೆ" ಎಂದೆ.

ಬಾಳಪ್ಪ ಬೈದಿದ್ದರೆ, ಎದೆಪಟ್ಟಿ ಹಿಡಿದಿದ್ದರೆ — ಇಲ್ಲ, ತಲೆ ತಗ್ಗಿಸಿ ಮೆಟ್ಟಿಲಿಳಿದು ಹೋದ.

ಗೋಡೆಯನ್ನು ತನ್ನ ಕೈಯಿಂದ ದುಡ್ಡು ಹಾಕಿಯೇ ಮತ್ತೆ ಕಟ್ಟಿಕೊಟ್ಟ. ಆಮೇಲೆ ಪುತ್ತೂರಿನಲ್ಲಾಗಲಿ ಸುಳ್ಯದಲ್ಲಾಗಲಿ ಯಾರೂ ಅವನಿಗೆ ಕೆಲಸ ಕೊಡಲಿಲ್ಲ. ನೆಟ್ಟಣದ ಕಡೆ ರೈಲುದಾರಿಗೆ ಗುಡ್ಡ ಕಡಿಯುವಲ್ಲಿ ಕೂಲಿಗೆ ಸೇರಿದನೆಂದು ಕೇಳಿದೆ. ಅಲ್ಲಿಂದ ಜ್ವರ ಹೊತ್ತು ಮನೆಗೆ ಬಂದವನು ಏಳಲಿಲ್ಲವೆಂದೂ ಕೇಳಿದೆ.

ಆ ಸುದ್ದಿ ಕೇಳಿ ನಿಮ್ಮ ಮನೆಗೆ ಬಂದದ್ದು ಎಲ್ಲ ಹೇಳಿಬಿಡಬೇಕೆಂದೇ. ನೀವು ಬೆಲ್ಲ, ನೀರು ತಂದಿಟ್ಟಿರಿ. "ಕೆಲಸದವರ ಪೈಕಿ ನೀವೊಬ್ಬರು ಬಂದ್ರಿ" ಎಂದಿರಿ. ಮತ್ತೆ ಹೇಳಿದಿರಿ — "ಜ್ವರದಲ್ಲಿ ಅವರಿಗೆ ಅದೇ ಮಾತು. ಸುಣ್ಣ ಕಮ್ಮಿ ಹಾಕಿದೆನಾ ದೇವಕಿ, ನನ್ನ ಕೈಯೇ ತಪ್ಪಿತಾ, ಅಂತ. ಅಷ್ಟು ತಿಳಿದವರು ಸುಳ್ಳು ಹೇಳ್ತಾರಾ, ಅಂತ."

ಆಗಲಾದರೂ ಹೇಳಬಹುದಿತ್ತು. ನೀರು ಕುಡಿದು, ಹೋಗಿಬರುತ್ತೇನೆಂದು ಎದ್ದೆ.

ಅಲ್ಲಿಯವರೆಗೆ ಅವನ ಕೆಲಸ ಕಸಿದುಕೊಂಡೆನೆಂದಷ್ಟೇ ತಿಳಿದಿದ್ದೆ. ತನ್ನ ಕೈಯ ಮೇಲೆ ಅವನಿಗಿದ್ದ ನಂಬಿಕೆಯನ್ನೂ ಕಸಿದಿದ್ದೆ. ಮುಂದಿನ ಸೋಮವಾರ ಆ ಊರಿನ ಸಭೆ ಉಂಟು. ಅಧ್ಯಕ್ಷರು ತೀರಿಕೊಂಡಿದ್ದಾರೆ, ಅಂದಿನವರು ಕೆಲವರು ಮಾತ್ರ ಉಳಿದಿದ್ದಾರೆ. ಅವರೆದುರು ನಿಂತು ಇಷ್ಟನ್ನೂ ಹೇಳುತ್ತೇನೆ. ಬಾಳಪ್ಪ ಕೇಳಿಸಿಕೊಳ್ಳಲಾರ.