ಝೋಲ ಬೇಡಿದರೆ ಜೋಳ

ನಮ್ಮಪ್ಪನ ಅಕ್ಕ ಮಾರೆಮ್ಮತ್ತೆಗೆ ಓದು ಬರಹ ಬಾರದು. ಆದರೆ ಎಲ್ಲಿಯದನ್ನೋ ತಂದು ಎಲ್ಲಿಗೋ ಗಂಟು ಹಾಕುವುದರಲ್ಲಿ ಆಕೆಯನ್ನು ಮೀರಿಸುವವರು ನಮ್ಮೂರು ಗೊರೇಬಾಳದಲ್ಲಷ್ಟೇ ಅಲ್ಲ, ಇಡೀ ಸಿಂಧನೂರು ತಾಲ್ಲೂಕಿನಲ್ಲೇ ಇಲ್ಲ. ನಾನು ಮಸ್ಕಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಉಪಮೆ, ರೂಪಕ ಎಂದು ಬೋರ್ಡಿನ ಮೇಲೆ ಬರೆದು ಗಂಟಲು ಹರಿದುಕೊಳ್ಳುತ್ತೇನೆ. ಅತ್ತೆಯ ಬಾಯಲ್ಲಿ ಅವು ಪುಕ್ಕಟೆ ಉದುರುತ್ತವೆ. ನನಗೆ ಹೊಟ್ಟೆಕಿಚ್ಚಾಗುತ್ತದೆ, ಮುಚ್ಚಿಡುವುದೇಕೆ?

ಅತ್ತೆ ಕಟ್ಟುವುದು ಬೀಗರ ಪದ. ಮದುವೆಯಲ್ಲಿ ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಹಾಡುತ್ತ ಅವರ ಮಾನ ತೆಗೆಯುವ ಪದ. ನನ್ನ ಮದುವೆಯಲ್ಲಿ ಲಿಂಗಸುಗೂರಿನಿಂದ ಬಂದಿದ್ದ ನಮ್ಮ ಮಾವನವರ ಬೋಳು ತಲೆ ಕಂಡದ್ದೇ ತಡ, ಅತ್ತೆಗೆ ಮಸ್ಕಿಯ ಶಾಸನದ ಬಂಡೆ ನೆನಪಾಯಿತು. ಇಷ್ಟು ನುಣ್ಣನೆ ಬಂಡೆ ಇಲ್ಲಿರುವಾಗ ಆ ರಾಜ ಗುಡ್ಡ ಹತ್ತಿ ಯಾಕೆ ಬರೆಸಿದ ಎಂದು ಹಾಡಿದಳು. ಮಾವ ನಕ್ಕು ನಕ್ಕು ಪಾಯಸ ಚೆಲ್ಲಿಕೊಂಡರು. ಇಂದಿಗೂ ನಮ್ಮ ಮನೆಗೆ ಬಂದವರಿಗೆಲ್ಲ ಆ ಪದವನ್ನು ಅವರೇ ಹೇಳಿ ತೋರಿಸುತ್ತಾರೆ.

ಇಂಥ ಅತ್ತೆ ಹೋದ ವರ್ಷ ತಡವರಿಸಿದಳು. ನನ್ನ ತಂಗಿ ರಾಜಶ್ರೀ ಸಿಂಧನೂರಿನ ಆಸ್ಪತ್ರೆಯಲ್ಲಿ ನರ್ಸ್. ಅಲ್ಲೇ ಲ್ಯಾಬಿನಲ್ಲಿರುವ ಬಿಕಾಶನನ್ನು ಮೆಚ್ಚಿದಳು. ಬಿಕಾಶ್ ಆರ್.ಎಚ್. ಕ್ಯಾಂಪಿನ, ಅಂದರೆ ಐವತ್ತು ವರ್ಷದ ಹಿಂದೆ ಸರ್ಕಾರ ನಿರಾಶ್ರಿತರಿಗೆ ಕಟ್ಟಿಕೊಟ್ಟ ಊರಿನ, ಬಂಗಾಳಿ ಹುಡುಗ. ಮನೆಯಲ್ಲಿ ಮೂರು ತಿಂಗಳು ಗದ್ದಲವಾಗಿ ಕೊನೆಗೆ ಎಲ್ಲರೂ ಹ್ಞೂಂ ಅಂದರು. ಶರಣಬಸವ ಕಾಕಾ ಮಾತ್ರ ಹ್ಞೂಂ ಅಂದರೂ ಮುಖ ಗಂಟು ಹಾಕಿಕೊಂಡೇ ಇದ್ದ. ಬೀಗರು ಅನ್ನುವ ಮಾತು ಅವನ ಬಾಯಿಂದ ಒಮ್ಮೆಯೂ ಬರಲಿಲ್ಲ. "ಕ್ಯಾಂಪಿನೋರು" ಅಷ್ಟೇ.

"ಯಕ್ಕಾ, ಈ ಸಲ ಪದ ಗಿದ ಬ್ಯಾಡ," ಅಂದ. "ಕ್ಯಾಂಪಿನೋರಿಗೆ ತಿಳಿಯಾಂಗಿಲ್ಲ, ಸುಮ್ನ ಸಿಟ್ಟಾಗ್ತಾರ. ಉಣ್ಣಿಸಿ ಕಳಸೋಣು."

ಅತ್ತೆ ಕೆರಳಿದಳು. "ಲೇ ಶರಣ್ಯಾ, ಪದ ಹಾಡಿ ಬೈಲಿಲ್ಲಂದ್ರ ಅವರು ಹ್ಯಾಂಗ ಬೀಗರಾಗ್ತಾರಲೇ? ಉಂಡು ಹೋಗಾಕ ಅವರೇನು ದಾರಿಹೋಕರೇನು?"

ಆಡಿದ್ದೇನೋ ಆಡಿದಳು, ಆದರೆ ಪದ ಹುಟ್ಟಲಿಲ್ಲ. ಆ ಮನೆಯವರ ಒಳಗು ಹೊರಗು ಆಕೆಗೆ ಗೊತ್ತಿರಲಿಲ್ಲ. ಮದುವೆಗೆ ನಾಲ್ಕು ದಿನ ಇದ್ದಾಗ, "ಸುಕನ್ಯಾ, ಗಾಡಿ ತಗಿ," ಅಂದಳು. ಅರಿಶಿನ ಕುಂಕುಮ ಕೊಡುವ ನೆಪ ಮಾಡಿಕೊಂಡು ಸ್ಕೂಟಿಯಲ್ಲಿ ಕ್ಯಾಂಪಿಗೆ ಹೋದೆವು.

ಬಿಕಾಶನ ಅಜ್ಜಿ ಬಸಂತಿ ಅಂಗಳದಲ್ಲಿ ಮೀನು ಹಸನು ಮಾಡುತ್ತ ಕೂತಿದ್ದಳು. ಅತ್ತೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಇದೇನು ಮಾಡುತ್ತೀರಿ ಎಂದು ಕೇಳಿದಳು. "ಝೋಲ್," ಅಂದಳು ಅಜ್ಜಿ. ಮೀನಿನ ಸಾರಿಗೆ ಅವರು ಹಾಗನ್ನುತ್ತಾರೆ. ಹೇಳಿದವಳು ಒಬ್ಬಳೇ ಕಿಸಕ್ಕನೆ ನಕ್ಕಳು.

"ಐವತ್ತು ವರ್ಷದ್ದು ಮಾತು. ನಾ ಹೊಸಾ ಸೊಸಿ. ನಿಮ್ಮೂರ ಗದ್ದಿಗೆ ನಾಟಿ ಹಚ್ಚಾಕ ಬಂದಿದ್ದೆ. ಭಾಷಾ ಬರ್ತಿರ್ಲಿಲ್ಲ. ಮಧ್ಯಾಹ್ನ ನಿಮ್ಮೂರಾಕಿ ಒಬ್ಬಾಕಿ ಗಂಟು ಬಿಚ್ಚಿ, ಜೋಳದ್ದೈತಿ ಉಣ್ತಿಯೇನು ಅಂದ್ಲು. ನಾ ಝೋಲ್ ಅಂತ ತಿಳದು ಎರಡೂ ಕೈ ಬೊಗಸಿ ಮಾಡಿ ಹಿಡದೆ. ರೊಟ್ಟಿ ಬಿತ್ತು! ಸಾರು ಬರ್ತೈತಿ ಅಂತ ಝೋಲ್, ಝೋಲ್ ಅಂದೆ. ಇನ್ನೊಂದು ರೊಟ್ಟಿ ಬಿತ್ತು. ಮತ್ತ ಅಂದೆ, ಮತ್ತೊಂದು!"

ಅತ್ತೆಯ ಕಣ್ಣು ಮಿಂಚಿದ್ದನ್ನು ನಾನು ನೋಡಿದೆ. ಅರಿಶಿನ ಕುಂಕುಮ ಕೊಡುವುದನ್ನೂ ಮರೆತು ಎದ್ದುಬಿಟ್ಟಳು. ದಾರಿಯುದ್ದಕ್ಕೂ ನನ್ನ ಬೆನ್ನ ಮೇಲೆ ತಾಳ ಬಡಿಯುತ್ತ ಗುನುಗಿದಳು. ಎರಡು ಸಲವಂತೂ ನಾನು ಗಾಡಿಯನ್ನು ಕಾಲುವೆಗೆ ಇಳಿಸುವುದೊಂದೇ ಬಾಕಿ ಇತ್ತು.

ಮದುವೆಯ ದಿನ ಬಂದೇ ಬಂತು. ಬಂಗಾಳಿ ಹೆಂಗಸರು ಸಾಲಾಗಿ ಊಟಕ್ಕೆ ಕೂತರು, ನಡುವೆ ಬಸಂತಿ ಅಜ್ಜಿ. ಅತ್ತೆ ಸೆರಗು ಬಿಗಿದು ಎದುರಿಗೆ ನಿಂತಳು. ಕಾಕಾ ದೂರದಿಂದಲೇ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದ. ಅತ್ತೆ ಎತ್ತಿಯೇಬಿಟ್ಟಳು:

ಝೋಲ ಬೇಡಿದರ ಜೋಳ ಕೊಟ್ಟೇವ ಬೀಗತಿ
ಮೀನ ಈಸಾಕ ನೀರಿಲ್ಲ, ಒಣರೊಟ್ಟಿ
ಮ್ಯಾಲ ಕುಂತೈತಿ ಬಾಯ್ದೆರೆದು!

ನಮ್ಮ ಹೆಂಗಸರು ಗೊಳ್ಳೆಂದರು. ಆ ಕಡೆಯವರು ನಗಲಿಲ್ಲ, ಎಲ್ಲರೂ ಅಜ್ಜಿಯ ಮುಖ ನೋಡಿದರು. ಅಜ್ಜಿ ತುತ್ತು ಕೆಳಗಿಟ್ಟು ಮೆಲ್ಲಗೆ ಎದ್ದು ನಿಂತಳು. ಆಕೆಯ ಕಣ್ಣಲ್ಲಿ ನೀರು. ಕೆಲಸ ಕೆಟ್ಟಿತು ಅಂದುಕೊಂಡೆ. ಕಾಕಾ ಓಡೋಡಿ ಬಂದ.

"ಐವತ್ತು ವರ್ಷ ನಿಮ್ಮೂರ ಮದುವಿಗೆ ಬಂದೀನಿ," ಅಂದಳು ಅಜ್ಜಿ. "ಉಂಡೀನಿ, ಹೋಗೀನಿ. ಎಲ್ಲಾರ್ನೂ ಬೈತಿದ್ರಿ. ನನಗ ಯಾರೂ ಒಂದು ಪದ ಬೈದಿರ್ಲಿಲ್ಲ. ಇವತ್ತು ಬೈದ್ರಿ."

ಹಾಗೆಂದವಳೇ ಅಜ್ಜಿ ಕಣ್ಣೊರೆಸಿಕೊಂಡು, ಸೊಂಟಕ್ಕೆ ಕೈಯಿಟ್ಟು, ನಾಟಿ ಗದ್ದೆಯಲ್ಲಿ ಕಲಿತ ನಮ್ಮದೇ ಧಾಟಿಯಲ್ಲಿ ಎತ್ತಿದಳು:

ಮೂರು ರೊಟ್ಟಿ ತಿಂದು ಮೂರು ದಿನ ನೀರ ಕುಡಿದೇನ
ನಿಮ್ಮೂರ ಕಾಲುವಿ ಬತ್ತೀತ, ಬೀಗತಿ
ಇನ್ನಽ ಹಲ್ಲಾಗೈತಿ ಆ ರೊಟ್ಟಿ!

ಬಂಗಾಳಿ ಹೆಂಗಸರು ಶುಭಕಾರ್ಯದಲ್ಲಿ ಮಾಡುವಂತೆ ನಾಲಿಗೆ ಹೊರಳಿಸಿ ಉಲುಲುಲು ಎಂದು ಒಂದೇ ಸಮನೆ ಕೂಗಿದರು. ಶಾಮಿಯಾನ ಹಾರಿಹೋಗುವಷ್ಟು ನಗು. ನಾನು ಕುಣಿದೆ, ಟೀಚರು ಅನ್ನುವುದನ್ನೂ ಮರೆತು ಕುಣಿದೆ. ಅತ್ತೆ ಉತ್ತರಕ್ಕೆ ಬಾಯಿ ತೆರೆದಳು, ಏನೂ ಹೊಳೆಯಲಿಲ್ಲ, ನಗುತ್ತ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಆಗ ಕಾಕಾನ ದನಿ ಎಲ್ಲರಿಗಿಂತ ಮೇಲೆ ಕೇಳಿತು: "ಯಕ್ಕಾ, ಸೋತಿ ನೋಡು! ನಮ್ಮ ಬೀಗತಿ ಗೆದ್ದಾಳ!"